ವೆಬ್‌ಸೈಟ್ ಅನಾಲಿಟಿಕ್ಸ್ ಸೇವೆಗೆ ದರ ಎಷ್ಟಿಡುವುದು? ಪೇಜ್‌ವ್ಯೂ ಲೆಕ್ಕವಾ, ಸೈಟ್ ಲೆಕ್ಕವಾ?

ಬಿಜೈ_ಬೈಟ್:

ಮಂಗಳೂರಿನಿಂದ ಇಬ್ಬರು ಸೇರಿ ನಡೆಸುವ ಸಣ್ಣ ಸೇವೆ. ಕುಕೀ (ಓದುಗನನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಸಣ್ಣ ಫೈಲ್) ಇಲ್ಲದ ವೆಬ್ ಅನಾಲಿಟಿಕ್ಸ್ (ಸೈಟಿಗೆ ಎಷ್ಟು ಜನ, ಎಲ್ಲಿಂದ ಬಂದರು ಎಂಬ ಲೆಕ್ಕ), ಗಿರಾಕಿ ಸೈಟಿಗೆ ಒಂದು ಸಾಲು ಸ್ಕ್ರಿಪ್ಟ್ ಹಾಕಿದರೆ ಸಾಕು. ಈಗ 14 ಸೈಟು ಟ್ರಯಲ್‌ನಲ್ಲಿ ಉಂಟು: ಒಂದು ಸ್ಥಳೀಯ ನ್ಯೂಸ್ ಪೋರ್ಟಲ್, ಮಲ್ಪೆ ಕಡೆಯ ಎರಡು ರೆಸಾರ್ಟ್, ಒಬ್ಬರು ಗೇರುಬೀಜ ಎಕ್ಸ್‌ಪೋರ್ಟರ್, ಮೂರು ಕಾಲೇಜು, ಉಳಿದದ್ದೆಲ್ಲ ಅಂಗಡಿ, ಕ್ಲಿನಿಕ್. ಒಟ್ಟು ತಿಂಗಳಿಗೆ 38 ಲಕ್ಷ ಪೇಜ್‌ವ್ಯೂ (ಪುಟ ತೆರೆದ ಸಲ). ಅದರಲ್ಲಿ 31 ಲಕ್ಷ ನ್ಯೂಸ್ ಪೋರ್ಟಲ್ ಒಂದರದ್ದೇ. ಡೇಟಾಬೇಸ್ ಕ್ಲಿಕ್‌ಹೌಸ್, 8 ಕೋರ್ 32 ಜಿಬಿಯ ಒಂದೇ ಸರ್ವರ್, ತಿಂಗಳ ಬಾಡಿಗೆ 5,000 ರೂ.

ಯೋಚಿಸಿರುವ ದರ: 10 ಸಾವಿರ ವ್ಯೂಗೆ 299, 1 ಲಕ್ಷಕ್ಕೆ 699, 10 ಲಕ್ಷಕ್ಕೆ 1,999. ಜತೆಗೆ ಒಂದು ಫ್ರೀ ಪ್ಲಾನ್.

ಪ್ರಶ್ನೆ ನಾಲ್ಕು. ಪೇಜ್‌ವ್ಯೂ ಮೇಲೆ ದರ ಇಡುವುದಾ, ಸೈಟ್ ಸಂಖ್ಯೆ ಮೇಲಾ? ಜೋರು ಮಳೆ ಬಂದು "ನಾಳೆ ಶಾಲೆಗೆ ರಜೆ" ಅಂತ ಡಿಸಿ ಆದೇಶ ಬಂದ ಸಂಜೆ ನ್ಯೂಸ್ ಸೈಟಿನ ವ್ಯೂ ಎಂಟು ಪಟ್ಟು ಏರುತ್ತದೆ, ಆ ತಿಂಗಳ ಬಿಲ್ ಹೇಗೆ? ಹಣ ತಿಂಗಳು ತಿಂಗಳು ತಾನಾಗಿ ಬರುವ ಹಾಗೆ ಮಾಡುವುದು ಯಾವುದರಲ್ಲಿ? ಕೊನೆಯದು: ಗೂಗಲ್ ಅನಾಲಿಟಿಕ್ಸ್‌ನಲ್ಲಿ ದಿನಕ್ಕೆ 41,000 ಜನ ಕಾಣುವಾಗ ನಮ್ಮದರಲ್ಲಿ 17,000 ಮಾತ್ರ. "ನಿಮ್ಮದು ಸರಿ ಇಲ್ಲ" ಅಂತಾರೆ ಪೋರ್ಟಲಿನವರು. ಪೇಜ್‌ವ್ಯೂ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಕಾರ್ಕಳ_ಕ್ವೆರಿ:

ಮೊದಲು ಆ 299 ಅನ್ನು ಬಿಡಿಸಿ ನೋಡಿ. ಜಿಎಸ್‌ಟಿ ಶೇ. 18 ಸೇರಿಯೇ 299 ಅಂದರೆ ನಿಮಗೆ ಉಳಿಯುವುದು 253.39. ಗೇಟ್‌ವೇ (ಆನ್‌ಲೈನಿನಲ್ಲಿ ಹಣ ಪಡೆದು ಕೊಡುವ ಕಂಪನಿ) ಶುಲ್ಕ ಶೇ. 2 ಎಂದು ಹಿಡಿದರೆ 5.98, ಆ ಶುಲ್ಕದ ಮೇಲೆ ಪುನಃ ಶೇ. 18. ಕೈಗೆ 246 ಚಿಲ್ಲರೆ. ಆ ಗಿರಾಕಿ ತಿಂಗಳಲ್ಲಿ ಒಂದೇ ಸಲ ಫೋನ್ ಮಾಡಿ "ಇವತ್ತಿನ ಲೆಕ್ಕ ಕಾಣ್ತಾ ಇಲ್ಲ" ಅಂದರೂ ಅರ್ಧ ಗಂಟೆ ಹೋಯಿತು, 246 ಅಲ್ಲಿಗೆ ಮುಗಿಯಿತು. ಸಣ್ಣ ಗಿರಾಕಿಯೇ ಹೆಚ್ಚು ಫೋನ್ ಮಾಡುವುದು ಬೇರೆ.

ಸರ್ವರ್ ಬಾಡಿಗೆ ನೋಡಿ ದರ ಇಡಬೇಡಿ. 38 ಲಕ್ಷ ವ್ಯೂ ಅಂದರೆ ಸರಾಸರಿ ಸೆಕೆಂಡಿಗೆ ಒಂದೂವರೆಯೂ ಇಲ್ಲ. ಶೇಖರಣೆ? ಒಂದು ವ್ಯೂ ಕಂಪ್ರೆಸ್ ಆಗಿ 100 ಬೈಟ್ ಎಂದು ಧಾರಾಳವಾಗಿ ಹಿಡಿದರೂ ವರ್ಷಕ್ಕೆ 4.56 ಕೋಟಿ ಸಾಲು, 4.6 ಜಿಬಿ. ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ನೀವು ಮಾರುವುದು ಜಾಗವನ್ನಲ್ಲ. ಲೆಕ್ಕ ನಿಲ್ಲದ ಹಾಗೆ ನೋಡಿಕೊಳ್ಳುವುದನ್ನು, ಫೋನಿಗೆ ಸಿಗುವುದನ್ನು. ಹಾಗಾಗಿ "ಹಳೆ ಡೇಟಾ ಬೇಕಾದರೆ ದೊಡ್ಡ ಪ್ಲಾನ್" ಅನ್ನುವ ಕಟ್ಟು ಹಾಕಬೇಡಿ. ಹಳೆ ಡೇಟಾ ಇದ್ದಷ್ಟು ದಿನ ಗಿರಾಕಿ ಬಿಟ್ಟುಹೋಗುವುದಿಲ್ಲ, ಅದು ನಿಮಗೇ ಲಾಭ.

ಅಳತೆ ಪೇಜ್‌ವ್ಯೂ ಆಗಿರಲಿ. ಗಿರಾಕಿಗೆ ಡ್ಯಾಶ್‌ಬೋರ್ಡಿನಲ್ಲಿ ಕಣ್ಣಿಗೆ ಕಾಣುವ ಅಂಕಿ ಅದು, ವಾದ ಬರುವುದಿಲ್ಲ. ಬಟನ್ ಕ್ಲಿಕ್, ಫಾರ್ಮ್ ಸಬ್ಮಿಟ್ ಮುಂತಾದ ಕಸ್ಟಮ್ ಇವೆಂಟನ್ನೂ ಅದರಲ್ಲೇ ಎಣಿಸಿ, ಇಲ್ಲದಿದ್ದರೆ ಯಾರೋ ಒಬ್ಬ ಸ್ಕ್ರೋಲ್‌ಗೆಲ್ಲ ಇವೆಂಟ್ ಕಟ್ಟಿ ಬಿಡುತ್ತಾನೆ. ಸೈಟ್ ಸಂಖ್ಯೆಗೆ ಮಿತಿ 50 ಇಟ್ಟರೆ ಸಾಕು. ವೆಬ್‌ಸೈಟ್ ಮಾಡಿಕೊಡುವ ಏಜೆನ್ಸಿಯವರು ಒಂದೇ ಖಾತೆಯಲ್ಲಿ 30 ಸೈಟು ಹಾಕುತ್ತಾರೆ, ಆ 30 ಮಂದಿಯ ಫೋನೂ ಅವರಿಗೇ ಹೋಗುತ್ತದೆ. ನಿಮಗೆ ನಿಜವಾದ ಗಿರಾಕಿ ಅವರು. ಅವರಿಗೆ ತಮ್ಮ ಲೋಗೋ ಹಾಕಿದ ವರದಿ, ಎಪಿಐ (ಅವರ ಪ್ರೋಗ್ರಾಂ ನೇರವಾಗಿ ಡೇಟಾ ತೆಗೆದುಕೊಳ್ಳುವ ದಾರಿ) ಕೊಡಿ. ಮೇಲಿನ ಪ್ಲಾನ್‌ಗೆ ಬೇಲಿ ಹಾಕುವುದಾದರೆ ಅಲ್ಲಿ ಹಾಕಿ.

ನಾನಾದರೆ ಹೀಗೆ ಇಡುವುದು: 1 ಲಕ್ಷದವರೆಗೆ 799, 10 ಲಕ್ಷದವರೆಗೆ 2,499, 50 ಲಕ್ಷದವರೆಗೆ 6,499, ಅದರ ಮೇಲೆ ಮಾತಾಡಿ ಹೇಳುವುದು. ಲಕ್ಷಕ್ಕೆ ಬೀಳುವ ದರ 799, 250, 130 ಅಂತ ಇಳಿಯುತ್ತಾ ಹೋಗುತ್ತದೆ. ವರ್ಷಕ್ಕೆ ಕಟ್ಟಿದರೆ ಹತ್ತು ತಿಂಗಳ ದುಡ್ಡು. 10 ಸಾವಿರದ ಪ್ಲಾನ್ ಬೇಡವೇ ಬೇಡ.

ಜಿಎಸ್‌ಟಿ ಬಗ್ಗೆ ಒಂದು ಮಾತು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯವಲ್ಲ. ದಾಟಿದ ದಿನ ಹಳೆ ಗಿರಾಕಿಗೆ "ಈಗ ಶೇ. 18 ಹೆಚ್ಚು" ಅಂತ ಹೇಳುವುದು ಕಷ್ಟ. ಆದ್ದರಿಂದ ಮೊದಲ ದಿನದಿಂದಲೇ ದರಪಟ್ಟಿಯಲ್ಲಿ "ತೆರಿಗೆ ಪ್ರತ್ಯೇಕ" ಎಂದು ಬರೆದಿರಲಿ. ಎಕ್ಸ್‌ಪೋರ್ಟರ್ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಹಿಂದೆ ಪಡೆಯುವುದು) ತೆಗೆದುಕೊಳ್ಳುತ್ತಾರೆ, ಅವರಿಗೆ ವ್ಯತ್ಯಾಸ ಇಲ್ಲ. ಕಾಲೇಜಿಗೆ ಆ ದಾರಿ ಇಲ್ಲ, ಶಿಕ್ಷಣ ಸೇವೆಗೆ ತೆರಿಗೆ ವಿನಾಯಿತಿ ಇರುವ ಕಾರಣ ಕ್ರೆಡಿಟೂ ಇಲ್ಲ. ಅವರಿಗೆ ಆ 18 ನಿಜವಾದ ಖರ್ಚು, ಅಷ್ಟು ರಿಯಾಯಿತಿ ಕೇಳಿಯೇ ಕೇಳುತ್ತಾರೆ.

ಇನ್ನು ಮಳೆ ರಜೆ. ಮಿತಿ ದಾಟಿತು ಅಂತ ಎಣಿಕೆ ನಿಲ್ಲಿಸುವುದು, ಅಥವಾ ಅದೇ ದಿನ ಮೇಲಿನ ಪ್ಲಾನ್‌ಗೆ ಏರಿಸಿ ಬಿಲ್ ಕಳಿಸುವುದು, ಎರಡೂ ಗಿರಾಕಿಯನ್ನು ಓಡಿಸುವ ಕೆಲಸ. ಪೋರ್ಟಲಿನವರಿಗೆ ವರ್ಷದಲ್ಲಿ ಅತಿ ಹೆಚ್ಚು ಲೆಕ್ಕ ಬೇಕಾಗುವುದೇ ಆ ಸಂಜೆ. ಹಿಂದಿನ ಮೂರು ತಿಂಗಳ ಅಂಕಿ ತೆಗೆದು ನಡುವಿನದನ್ನು ಹಿಡಿಯಿರಿ. ಮೇ 31 ಲಕ್ಷ, ಜೂನ್ 33, ಜುಲೈ 74 ಅಂತಾದರೆ ಬಿಲ್ಲಿಗೆ 33. ಸರಾಸರಿ ಹಾಕಿದರೆ 46 ಬರುತ್ತದೆ, ಒಂದು ತಿಂಗಳ ಮಳೆಗೆ ಮೂರು ತಿಂಗಳು ದಂಡ ಕಟ್ಟಿದ ಹಾಗೆ. ನಡುವಿನ ಅಂಕಿಯೇ ಮಿತಿ ದಾಟಿತು ಅಂದರೆ ಅದು ನಿಜವಾದ ಬೆಳವಣಿಗೆ. ಆಗ 30 ದಿನ ಮೊದಲು ಮೇಲ್ ಹಾಕಿ ಏರಿಸಿ. ಉಡುಪಿ ಕಡೆ ಸೈಟು ತಗೊಂಡರೆ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ (ಕೃಷ್ಣ ಮಠದ ಪೂಜೆಯ ಹೊಣೆ ಬದಲಾಗುವ ಉತ್ಸವ) ಬರುತ್ತದೆ, ಅದಕ್ಕೂ ಇದೇ ನಿಯಮ ಸಾಕು.

ಬಾಟ್‌ಗಳನ್ನು (ಮನುಷ್ಯರಲ್ಲದೆ ತಾನಾಗಿ ಪುಟ ತೆರೆಯುವ ಪ್ರೋಗ್ರಾಂಗಳನ್ನು) ಜರಡಿ ಹಿಡಿದ ಮೇಲಿನ ಅಂಕಿಗೆ ಮಾತ್ರ ಬಿಲ್ ಹಾಕಿ. ಇದನ್ನು ದರಪಟ್ಟಿಯ ಪಕ್ಕದಲ್ಲೇ ಬರೆದುಬಿಡಿ.

ಮಲ್ಪೆ_ಮೀಟರ್:

ಹಣ ಬರುವ ದಾರಿ ಬಗ್ಗೆ.

ಕಾರ್ಡಿನಲ್ಲಿ ತಾನಾಗಿ ಕಡಿತ ಆಗಬೇಕಾದರೆ ಆರ್‌ಬಿಐಯ ಇ-ಮ್ಯಾಂಡೇಟ್ (ಗಿರಾಕಿ ಮೊದಲೇ ಕೊಡುವ ಕಡಿತದ ಒಪ್ಪಿಗೆ) ನಿಯಮ ಉಂಟು, 2021ರ ಅಕ್ಟೋಬರ್ 1ರಿಂದ ಬಿಗಿಯಾದದ್ದು. ಕಡಿತಕ್ಕೆ 24 ಗಂಟೆ ಮೊದಲು ಗಿರಾಕಿಗೆ ಸೂಚನೆ ಹೋಗಬೇಕು. ಮೊದಲು 5,000 ಇದ್ದ ಮಿತಿಯನ್ನು 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಿದರು, ಅದನ್ನು ದಾಟಿದ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಬೇಕು. ಮೇಲೆ ಹೇಳಿದ 6,499 ತಿಂಗಳಿಗೆ ಆದರೆ ಒಳಗೇ ಬೀಳುತ್ತದೆ, ವರ್ಷದ 64,990 ಬೀಳುವುದಿಲ್ಲ. ಯುಪಿಐ ಆಟೋಪೇ ಒಂಟಿ ಮಾಲೀಕರಿಗೆ ಸಲೀಸು. ಆದರೆ ಸೂಚನೆಯ ಮೆಸೇಜು ನೋಡಿ "ಇದೆಂತ" ಅಂತ ಅಲ್ಲೇ ರದ್ದು ಮಾಡುವವರು ಇದ್ದಾರೆ. ಹೆಸರು ನಿಮ್ಮ ಕಂಪನಿಯದ್ದು ಬರುತ್ತದಾ, ಸೇವೆಯದ್ದು ಬರುತ್ತದಾ ಅಂತ ಮೊದಲೇ ಗೇಟ್‌ವೇಯಲ್ಲಿ ಪರೀಕ್ಷೆ ಮಾಡಿ ನೋಡಿ.

ನಮ್ಮ ಕಡೆಯ ಕಾಲೇಜು, ಎಕ್ಸ್‌ಪೋರ್ಟರ್, ರೆಸಾರ್ಟ್‌ಗೆ ಇದ್ಯಾವುದೂ ಬೇಡ ಮಾರಾಯ್ರೆ. ಅವರ ಅಕೌಂಟೆಂಟರಿಗೆ ಬೇಕಾದದ್ದು ವರ್ಷಕ್ಕೊಂದು ಬಿಲ್, ಬ್ಯಾಂಕ್ ವಿವರ, ಎನ್‌ಇಎಫ್‌ಟಿ. ಮುಖ್ಯ ದಾರಿಯನ್ನೇ ಅದು ಮಾಡಿ, ಆಟೋಪೇ ಸಣ್ಣವರಿಗೆ ಇರಲಿ.

ಇಲ್ಲಿ ಎಡವುವುದು ಟಿಡಿಎಸ್‌ನಲ್ಲಿ (ಗಿರಾಕಿ ನಿಮ್ಮ ಬಿಲ್ಲಿನಿಂದ ಕಡಿದು ನಿಮ್ಮ ಹೆಸರಿನಲ್ಲಿ ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ). ಏಜೆನ್ಸಿ ಅಥವಾ ಕಂಪನಿ ಗಿರಾಕಿ ಟಿಡಿಎಸ್ ಕಡಿದು ಕಳಿಸಿದರೆ ಖಾತೆಗೆ ಬಿಲ್ಲಿಗಿಂತ ಕಡಿಮೆ ಬರುತ್ತದೆ. ನಿಮ್ಮ ಪ್ರೋಗ್ರಾಂ "ಪೂರ್ತಿ ಬರಲಿಲ್ಲ" ಅಂತ ಖಾತೆ ಬಂದ್ ಮಾಡಿತು ಅಂದರೆ, ಹಣ ಕಟ್ಟಿದವರಿಗೇ ನೋಟಿಸ್ ಹೋದ ಹಾಗೆ. ಬಿಲ್ ದಾಖಲೆಯಲ್ಲಿ "ಬಂದ ಹಣ", "ಕಡಿದ ಟಿಡಿಎಸ್" ಅಂತ ಎರಡು ಅಂಕಣ ಇರಲಿ, ಎರಡು ಕೂಡಿಸಿ ಬಿಲ್ ಮೊತ್ತಕ್ಕೆ ತಾಳೆ ಆದರೆ ಮುಗಿಯಿತು. ಕಡಿದದ್ದನ್ನು ಅವರು ನಿಜವಾಗಿ ಕಟ್ಟಿದರಾ ಅಂತ ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಜಾಲತಾಣದ ನಿಮ್ಮ ತೆರಿಗೆ ಕಡಿತದ ಪಟ್ಟಿಯಲ್ಲಿ ನೋಡಿ.

ಹಣ ಬಾರದಿದ್ದಾಗ: ಮೊದಲ ದಿನ, 3, 7, 14ನೇ ದಿನ ನೆನಪು. 14ರ ಮೇಲೆ ಡ್ಯಾಶ್‌ಬೋರ್ಡಿಗೆ ಬೀಗ, ಆದರೆ ಎಣಿಕೆ 30 ದಿನದವರೆಗೂ ನಡೆಯುತ್ತಲೇ ಇರಲಿ. ಕಟ್ಟಿದ ಕೂಡಲೇ ಗ್ರಾಫಿನಲ್ಲಿ ತೂತು ಇಲ್ಲದೆ ಎಲ್ಲ ಕಾಣಬೇಕು. ಎಣಿಕೆ ನಿಲ್ಲಿಸಿ ಉಳಿಸುವುದು ಕೆಲವು ಎಂಬಿ, ತೂತು ಬಿದ್ದ ಗ್ರಾಫ್ ಮಾತ್ರ ವರ್ಷಗಟ್ಟಲೆ ಗಿರಾಕಿಯ ಕಣ್ಣಿಗೆ ಬೀಳುತ್ತದೆ.

ಹೊರದೇಶದ ಗಿರಾಕಿ ಬಂದರೆ ಪ್ಯಾಡಲ್ ಥರದ ಮಧ್ಯವರ್ತಿ ಇಟ್ಟುಕೊಳ್ಳಬಹುದು, ಆ ದೇಶದ ತೆರಿಗೆ ಅವರೇ ಕಟ್ಟುತ್ತಾರೆ. ಶುಲ್ಕ ಶೇ. 5 ಮತ್ತು 50 ಸೆಂಟ್. 9 ಡಾಲರಿನ ತಿಂಗಳ ಪ್ಲಾನಿನಲ್ಲಿ 95 ಸೆಂಟ್ ಹೋಯಿತು, ಶೇ. 10ಕ್ಕಿಂತ ಹೆಚ್ಚು. ಅದೇ 90 ಡಾಲರಿನ ವರ್ಷದ ಪ್ಲಾನಿನಲ್ಲಿ 5 ಡಾಲರ್, ಶೇ. 5.6. ಅಲ್ಲಿಯವರಿಗೆ ತಿಂಗಳ ಪ್ಲಾನ್ ತೋರಿಸಲೇಬೇಡಿ. ಜಿಎಸ್‌ಟಿ ನೋಂದಣಿ ಆದ ಮೇಲೆ ರಫ್ತಿಗೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಪ್ರತಿ ಆರ್ಥಿಕ ವರ್ಷ ಹೊಸದಾಗಿ ಹಾಕಬೇಕು, ಏಪ್ರಿಲ್‌ನಲ್ಲಿ ಮರೆಯುವವರು ಬಹಳ.

ಕುಂದಾಪ್ರ_ಕರ್ನಲ್:

41,000 ಮತ್ತು 17,000ದ ವಿಷಯ. ಪೇಜ್‌ವ್ಯೂ ತಾಳೆ ಆಗ್ತಾ ಉಂಟು ಅಂದಿರಲ್ಲ, ಹಾಗಾದರೆ ಸ್ಕ್ರಿಪ್ಟ್ ಸರಿ ಉಂಟು. ತಪ್ಪು ಇರುವುದು ಜನರನ್ನು ಗುರುತಿಸುವ ಜಾಗದಲ್ಲಿ.

ಕುಕೀ ಇಲ್ಲದ ಸೇವೆಗಳು ಸಾಮಾನ್ಯವಾಗಿ ಮಾಡುವುದು: ದಿನಕ್ಕೊಮ್ಮೆ ಬದಲಾಗುವ ಸಾಲ್ಟ್ (ಗುಟ್ಟಿನ ಅಕ್ಷರಮಾಲೆ), ಸೈಟಿನ ಡೊಮೇನ್, ಐಪಿ (ಇಂಟರ್ನೆಟ್ ವಿಳಾಸ), ಯೂಸರ್ ಏಜೆಂಟ್ (ಬ್ರೌಸರ್ ತನ್ನ ಬಗ್ಗೆ ಹೇಳುವ ಸಾಲು), ನಾಲ್ಕನ್ನೂ ಸೇರಿಸಿ ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಸಂಕೇತ). ಒಂದು ಹ್ಯಾಶ್ ಅಂದರೆ ಒಬ್ಬ ಮನುಷ್ಯ. ಈ ಲೆಕ್ಕ ಹುಟ್ಟಿದ್ದು ಮನೆಗೊಂದು ಐಪಿ, ನಾಲ್ಕಾರು ಥರದ ಬ್ರೌಸರ್ ಇರುವ ಊರಿನಲ್ಲಿ. ನಮ್ಮಲ್ಲಿ ಎರಡೂ ಕೈಕೊಡುತ್ತವೆ. ಮೊಬೈಲ್ ಕಂಪನಿಗಳು ಐಪಿವಿ4ನಲ್ಲಿ (ವಿಳಾಸಗಳು ಕಡಿಮೆ ಇರುವ ಹಳೆ ಐಪಿ) ಸಾವಿರಾರು ಗಿರಾಕಿಗಳನ್ನು ಒಂದೇ ಹೊರ ಐಪಿಯ ಹಿಂದೆ ಕೂರಿಸುತ್ತವೆ. ಇನ್ನೊಂದು ಕಡೆ ಕ್ರೋಮ್ 2023ರಲ್ಲಿ 110ನೇ ಆವೃತ್ತಿಯಿಂದ ಫೋನಿನ ಮಾಡೆಲ್ ಹೇಳುವುದನ್ನು ನಿಲ್ಲಿಸಿತು. ಯಾವ ಫೋನ್ ಇದ್ದರೂ ಯೂಸರ್ ಏಜೆಂಟಿನಲ್ಲಿ ಬರುವುದು "ಆಂಡ್ರಾಯ್ಡ್ 10, ಕೆ" ಅಂತಲೇ. ಅಲ್ಲಿಗೆ ಸ್ಟೇಟ್‌ಬ್ಯಾಂಕ್ ಬಸ್ ಸ್ಟಾಂಡಿನಲ್ಲಿ ನಿಂತು ರಜೆ ಸುದ್ದಿ ನೋಡುವ ಇಪ್ಪತ್ತು ಜನ ಒಂದೇ ಹೊರ ಐಪಿಯಲ್ಲಿದ್ದು, ಕ್ರೋಮ್ ಆವೃತ್ತಿಯೂ ಒಂದೇ ಆದರೆ ನಿಮ್ಮ ಲೆಕ್ಕದಲ್ಲಿ ಒಬ್ಬನೇ.

ಆದರೆ ಅರ್ಧಕ್ಕಿಂತ ಕೆಳಗೆ ಬೀಳುವುದಕ್ಕೆ ಇದೊಂದೇ ಸಾಕಾಗಲಿಕ್ಕಿಲ್ಲ. ಮೊದಲು ನೋಡಬೇಕಾದ್ದು: ಪೋರ್ಟಲಿನವರು ಆಡ್‌ಬ್ಲಾಕರ್ ತಪ್ಪಿಸಲು ನಿಮ್ಮ ಸ್ಕ್ರಿಪ್ಟಿಗೆ ತಮ್ಮದೇ ಸಬ್‌ಡೊಮೇನ್ (ಸೈಟಿನ ಉಪವಿಳಾಸ) ಕೊಟ್ಟಿದ್ದಾರಾ, ಆ ಸಬ್‌ಡೊಮೇನ್ ಸಿಡಿಎನ್ (ಓದುಗನಿಗೂ ಸರ್ವರಿಗೂ ನಡುವೆ ನಿಲ್ಲುವ ಸರ್ವರ್ ಜಾಲ) ಮೂಲಕ ಹಾದು ಬರುತ್ತಾ? ಹೌದಾದರೆ ನಿಮ್ಮ ಸರ್ವರಿಗೆ ಕಾಣುವುದು ಸಿಡಿಎನ್‌ನ ಐಪಿ, ಓದುಗನದ್ದಲ್ಲ. ಒಂದು ದಿನದ ಎನ್‌ಜಿನೆಕ್ಸ್ (ವೆಬ್ ಸರ್ವರ್ ಪ್ರೋಗ್ರಾಂ) ಲಾಗ್ ತೆಗೆದು ಆ ಸೈಟಿಗೆ ಬೇರೆ ಬೇರೆ ಐಪಿ ಎಷ್ಟು ಅಂತ ಎಣಿಸಿ. ಲಕ್ಷ ವ್ಯೂಗೆ ಕೆಲವೇ ನೂರು ಬಂದರೆ ಕಳ್ಳ ಸಿಕ್ಕಿದ. ಓದುಗನ ಐಪಿ ಹೊತ್ತು ತರುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಓದಿಸಿ. ಆದರೆ ಆ ಸಿಡಿಎನ್‌ನ ಐಪಿ ಪಟ್ಟಿಯಿಂದ ಬಂದದ್ದಾದರೆ ಮಾತ್ರ ನಂಬಿ. ಕಣ್ಣುಮುಚ್ಚಿ ನಂಬಿದರೆ ಯಾರು ಬೇಕಾದರೂ ಸುಳ್ಳು ಹೆಡರ್ ಹಾಕಿ ಒಬ್ಬನೇ ಹತ್ತು ಸಾವಿರ ಜನ ಆಗಬಹುದು.

ಐಪಿವಿ6ಕ್ಕೆ (ಹೊಸ, ಉದ್ದದ ಐಪಿ) ಪೂರ್ತಿ ವಿಳಾಸ ಹ್ಯಾಶ್ ಮಾಡಬೇಡಿ, ಮೊದಲ 64 ಬಿಟ್ ಸಾಕು. ಹಿಂದಿನ ಅರ್ಧವನ್ನು ಫೋನೇ ಆಗಾಗ ಬದಲಿಸುತ್ತದೆ, ಒಬ್ಬನೇ ದಿನದಲ್ಲಿ ಮೂವರಾಗುತ್ತಾನೆ. ಪರದೆ ಅಳತೆ, ಭಾಷೆ, ಫಾಂಟ್ ಎಲ್ಲ ಸೇರಿಸಿ ಹ್ಯಾಶ್ ಗಟ್ಟಿ ಮಾಡುವ ಆಸೆ ಬೇಡ. ಅದು ಫಿಂಗರ್‌ಪ್ರಿಂಟಿಂಗ್, ಕುಕೀ ಇಲ್ಲ ಅಂತ ಹೇಳಿ ಮಾರುವವರಿಗೆ ಶೋಭೆಯಲ್ಲ.

ಸಾಲ್ಟ್ ಯಾವ ಗಂಟೆಗೆ ಬದಲಾಗುತ್ತದೆ? ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ನಡುರಾತ್ರಿ ಅಂದರೆ ನಮ್ಮ ಬೆಳಿಗ್ಗೆ 5:30. ರಾತ್ರಿ 12:30ಕ್ಕೂ ಬೆಳಿಗ್ಗೆ 7ಕ್ಕೂ ಬಂದವನು ಒಂದೇ ದಿನದಲ್ಲಿ ಇಬ್ಬರಾಗುತ್ತಾನೆ. ಸೈಟಿನ ಟೈಮ್‌ಝೋನ್‌ಗೆ ತಕ್ಕ ಸಾಲ್ಟ್ ಇಡಿ. ಮತ್ತೆ, ತಿಂಗಳ ಯೂನಿಕ್ (ಬೇರೆ ಬೇರೆ ಜನರ ಸಂಖ್ಯೆ) ಅಂತ ನೀವು ತೋರಿಸುವುದು ದಿನದ ಯೂನಿಕ್‌ಗಳನ್ನು ಕೂಡಿಸಿದ್ದು, ದಿನಾ ಬರುವ ಓದುಗ ಮೂವತ್ತು ಜನ. ದಿನದ್ದು ಕಮ್ಮಿ, ತಿಂಗಳದ್ದು ಜಾಸ್ತಿ. ಇದನ್ನು ಅಂಕಿಯ ಕೆಳಗೆ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಅರ್ಧ ಫೋನ್ ಕಡಿಮೆ ಆಗುತ್ತದೆ.

ವಾಟ್ಸಾಪ್‌ನಿಂದ ಬಂದವರಿಗೆ ರೆಫರರ್ (ಎಲ್ಲಿಂದ ಬಂದರು ಎಂಬ ವಿವರ) ಬಹುಪಾಲು ಖಾಲಿ, ಎಲ್ಲ "ನೇರ" ಅಂತ ಬೀಳುತ್ತದೆ. ಪೋರ್ಟಲಿನ ಶೇರ್ ಬಟನ್ನಿನ ಲಿಂಕಿಗೆ ಯುಟಿಎಂ (ಎಲ್ಲಿಂದ ಎಂದು ತಿಳಿಸುವ ಗುರುತು) ಹಾಕಲು ಹೇಳಿ. ಹಾಗೆಯೇ ಫೇಸ್‌ಬುಕ್ ಅಂಟಿಸುವ ಉದ್ದದ ಕ್ಲಿಕ್ ಐಡಿಯನ್ನು ಯುಆರ್‌ಎಲ್‌ನಿಂದ ಕತ್ತರಿಸಿಯೇ ದಾಖಲಿಸಿ, ಇಲ್ಲದಿದ್ದರೆ ಒಂದು ಸುದ್ದಿ ನಾಲ್ಕು ಸಾವಿರ ಬೇರೆ ಪುಟಗಳಾಗಿ ಕಾಣುತ್ತದೆ.

ಪಣಂಬೂರು_ಪೋರ್ಟ್:

ಸರ್ವರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಕ್ಲಿಕ್‌ಹೌಸ್‌ಗೆ ಒಂದೊಂದೇ ಸಾಲು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಪ್ರತಿ ಇನ್ಸರ್ಟೂ ಡಿಸ್ಕಿನಲ್ಲಿ ಒಂದು ಹೊಸ ಪಾರ್ಟ್ (ಡೇಟಾದ ತುಂಡು) ಮಾಡುತ್ತದೆ, ಹಿಂದಿನಿಂದ ಮರ್ಜ್ ಅದನ್ನು ಒಟ್ಟುಮಾಡುತ್ತಾ ಬರುತ್ತದೆ. ಸೆಕೆಂಡಿಗೆ ಒಂದೂವರೆ ಇರುವಾಗ ಏನೂ ಗೊತ್ತಾಗುವುದಿಲ್ಲ. ರಜೆ ಆದೇಶ ಬಂದ ಸಂಜೆ ಸೆಕೆಂಡಿಗೆ ನೂರಾದಾಗ ಮರ್ಜ್ ಹಿಂದೆ ಬೀಳುತ್ತದೆ, "ಟೂ ಮೆನಿ ಪಾರ್ಟ್ಸ್" ಎಂದು ಡೇಟಾಬೇಸ್ ಬಾಗಿಲು ಹಾಕುತ್ತದೆ. 10,000 ಸಾಲು ಅಥವಾ 2 ಸೆಕೆಂಡ್, ಯಾವುದು ಮೊದಲೋ ಆಗ ಒಟ್ಟಿಗೆ ಬರೆಯಿರಿ. ಕಾಯುವ ಸಾಲುಗಳು ಮೆಮರಿಯಲ್ಲಿ ಮಾತ್ರ ಇರಬಾರದು, ಡಿಸ್ಕಿನ ಫೈಲಿಗೂ ಹೋಗಲಿ. ಈ ಗಾತ್ರಕ್ಕೆ ಕಾಫ್ಕಾ (ಭಾರಿ ಪ್ರಮಾಣದ ಡೇಟಾ ಸರತಿ ವ್ಯವಸ್ಥೆ) ಎಲ್ಲ ಬೇಡ, ಗುಬ್ಬಿಗೆ ಬ್ರಹ್ಮಾಸ್ತ್ರ.

ಟೇಬಲ್ ಆರ್ಡರ್ ಬೈ ನಲ್ಲಿ (ಸಾಲು ಜೋಡಿಸುವ ಕ್ರಮದಲ್ಲಿ) ಮೊದಲು ಸೈಟ್ ಐಡಿ, ಆಮೇಲೆ ದಿನಾಂಕ. ಸಮಯ ಮೊದಲಿಟ್ಟರೆ ಸಣ್ಣ ಅಂಗಡಿಯ ಡ್ಯಾಶ್‌ಬೋರ್ಡ್ ತೆರೆದಾಗಲೂ ನ್ಯೂಸ್ ಪೋರ್ಟಲಿನ ಸಾಲುಗಳನ್ನೆಲ್ಲ ಓದಬೇಕಾಗುತ್ತದೆ. ಆಮೇಲೆ ತಿರುಗಿಸಬೇಕಾದರೆ ಹೊಸ ಟೇಬಲ್ ಮಾಡಿ ಎಲ್ಲ ಸುರಿಯಬೇಕು. ಗಂಟೆ ಲೆಕ್ಕದ ಸಾರಾಂಶ ಟೇಬಲ್ ಮಾಡುವುದಿದ್ದರೆ ಗಂಟೆಗೊಂದು ಬೇಡ, 15 ನಿಮಿಷಕ್ಕೊಂದು ಮಾಡಿ. ನಾವು ಯುಟಿಸಿಯಿಂದ ಐದೂವರೆ ಗಂಟೆ ದೂರ, ಆ ಅರ್ಧ ಗಂಟೆಯಿಂದಾಗಿ ಯುಟಿಸಿ ಗಂಟೆ ನಮ್ಮ ಗಂಟೆಗೆ ಕೂರುವುದಿಲ್ಲ. ನೇಪಾಳಕ್ಕೆ ಮುಕ್ಕಾಲು ಗಂಟೆ, 15 ಆದರೆ ಎಲ್ಲರಿಗೂ ಆಯಿತು.

ಬಾಟ್ ಸಾಲುಗಳನ್ನು ಅಳಿಸಬೇಡಿ, ಗುರುತು ಹಾಕಿ ಬೇರೆ ಇಡಿ. ಜರಡಿಯ ನಿಯಮ ತಪ್ಪಿದ್ದರೆ ತಿರುಗಿ ಎಣಿಸಬಹುದು, ಬಿಲ್ ಜಗಳದಲ್ಲಿ ಸಾಕ್ಷಿಯೂ ಆಯಿತು.

ಊರಿನ ಹೆಸರು ತೋರಿಸುವ ಉತ್ಸಾಹ ಬೇಡ. ಮೊಬೈಲ್ ಐಪಿಯಲ್ಲಿ ಸುರತ್ಕಲ್‌ನವನೂ ಬೆಂಗಳೂರಿನವನಾಗಿ ಕಾಣುತ್ತಾನೆ. ರೆಸಾರ್ಟಿನವರು ಅದನ್ನು ನಂಬಿ ಬೆಂಗಳೂರಿಗೆ ಜಾಹೀರಾತು ಹಾಕಿದರೆ ಬೈಗುಳ ನಿಮಗೆ. ದೇಶ ಸಾಕು, ರಾಜ್ಯ ಬೇಕಾದರೆ "ಅಂದಾಜು" ಅಂತ ಬರೆದು.

ಎಲ್ಲಕ್ಕಿಂತ ಕೆಟ್ಟ ತೊಂದರೆ ಸದ್ದಿಲ್ಲದೆ ಬರುವುದು. ಗಿರಾಕಿಯ ಸಬ್‌ಡೊಮೇನಿನ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಸರ್ಟಿಫಿಕೇಟ್ ನವೀಕರಣ ಆಗದಿದ್ದರೆ, ಅಥವಾ ಅವರು ಥೀಮ್ ಬದಲಿಸುವಾಗ ಸ್ಕ್ರಿಪ್ಟ್ ಹೋಗಿಬಿಟ್ಟರೆ, ನಿಮ್ಮ ಸರ್ವರಿನಲ್ಲಿ ಎಲ್ಲ ಹಸಿರು, ಅವರ ಗ್ರಾಫ್ ಸೊನ್ನೆ. ಸೈಟ್ ಪ್ರತಿಯೊಂದಕ್ಕೂ "ಕೊನೆಯ ಇವೆಂಟ್ ಬಂದು ಎಷ್ಟು ಹೊತ್ತಾಯಿತು" ನೋಡುವ ಅಲಾರಂ ಇರಲಿ. ಪೋರ್ಟಲಿಗೆ 10 ನಿಮಿಷ, ಕಾಲೇಜಿಗೆ ಒಂದು ದಿನ.

"ನಾವು ಐಪಿ ಇಡುವುದಿಲ್ಲ" ಅಂತ ನಿಮ್ಮ ಮುಖಪುಟದಲ್ಲಿ ಬರೆದಿದ್ದರೆ ಎನ್‌ಜಿನೆಕ್ಸ್ ಲಾಗ್ ಒಮ್ಮೆ ತೆರೆದು ನೋಡಿ, ಅಲ್ಲಿ ಎಲ್ಲ ಐಪಿ ಸಾಲಾಗಿ ಕೂತಿರುತ್ತವೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಸರ್ವರ್ ಲಾಗ್‌ಗಳನ್ನು 180 ದಿನ ಇಡಲು ಹೇಳುತ್ತದೆ, ಸೈಬರ್ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಲೂ. ಆದ್ದರಿಂದ ಮಾತು ತಿದ್ದಿ ಬರೆಯಿರಿ: ಅನಾಲಿಟಿಕ್ಸ್ ಡೇಟಾಬೇಸಿನಲ್ಲಿ ಐಪಿ ಇಲ್ಲ, ಭದ್ರತೆಗಾಗಿ ಸರ್ವರ್ ಲಾಗ್ ಬೇರೆಯಾಗಿ ಇಷ್ಟು ದಿನ ಇರುತ್ತದೆ.

ಬಿಜೈ_ಬೈಟ್:

299 ತೆಗೆದೆವು. ಲಾಗ್ ಎಣಿಸಿದೆ: ಪೋರ್ಟಲಿಗೆ ಒಂದು ದಿನ 1.02 ಲಕ್ಷ ವ್ಯೂ, ಬೇರೆ ಬೇರೆ ಐಪಿ 340. ಸಬ್‌ಡೊಮೇನ್ ಸಿಡಿಎನ್ ಹಿಂದೆಯೇ ಉಂಟು.

ಇನ್ನೆರಡು ಸಣ್ಣ ಪ್ರಶ್ನೆ. ರೆಸಾರ್ಟಿನವರು ಮಳೆಗಾಲದಲ್ಲಿ ನಿಲ್ಲಿಸಿ ಅಕ್ಟೋಬರ್‌ನಲ್ಲಿ ಶುರು ಮಾಡುತ್ತೇವೆ ಅಂತಾರೆ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲದ ತಿಂಗಳಲ್ಲಿ ಸೈಟಿಗೂ ಯಾರೂ ಬರುವುದಿಲ್ಲವಂತೆ. ಫ್ರೀ ಪ್ಲಾನ್ ಬಗ್ಗೆಯೂ ಯಾರೂ ಹೇಳಲಿಲ್ಲ.

ಕಾರ್ಕಳ_ಕ್ವೆರಿ:

ಫ್ರೀ ಪ್ಲಾನ್ ಬೇಡ. ಗೂಗಲಿನದ್ದು ಹೇಗೂ ಫ್ರೀ ಉಂಟು, ಫ್ರೀ ಬೇಕಾದವರು ಅಲ್ಲೇ ಇರಲಿ. 30 ದಿನದ ಟ್ರಯಲ್, ಕಾರ್ಡ್ ಕೇಳದೆ. ಟ್ರಯಲ್ ಮುಗಿದು 60 ದಿನ ಡೇಟಾ ಇಟ್ಟು ಆಮೇಲೆ ಅಳಿಸಿ, ಅಳಿಸುವ ಒಂದು ವಾರ ಮೊದಲು ಮೇಲ್ ಹಾಕಿ. ದುಡ್ಡು ಕಟ್ಟುವವರಲ್ಲಿ ಒಂದು ಪಾಲು ಆ ಮೇಲ್ ನೋಡಿಯೇ ಕಟ್ಟುವುದು.

ರೆಸಾರ್ಟಿಗೆ ವರ್ಷದ ಪ್ಲಾನ್ ಮಾತ್ರ ಹೇಳಿ. ಹತ್ತು ತಿಂಗಳ ದರದಲ್ಲಿ ಹನ್ನೆರಡು ಅಂದಾಗ ಮಳೆಗಾಲದ ಎರಡು ತಿಂಗಳು ಬಿಟ್ಟುಕೊಟ್ಟ ಹಾಗೆಯೇ ಆಯಿತು, ಹಾಗೇ ಹೇಳಿ ಮಾರಿ. ಮತ್ತೆ ದಸರಾ ರಜೆಯ ಬುಕಿಂಗ್‌ಗಾಗಿ ಜನ ಹುಡುಕುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗ ಸೈಟಿಗೆ ಯಾರೂ ಬರುವುದಿಲ್ಲವಾ ಅಂತ ಅವರದ್ದೇ ಗ್ರಾಫ್ ತೆಗೆದು ತೋರಿಸಿ.

ಕುಂದಾಪ್ರ_ಕರ್ನಲ್:

340, ಆಯ್ತಲ್ಲ. ಹೆಡರ್ ಸರಿ ಮಾಡಿದ ಮೇಲೂ 41,000 ಆಗಲಿಕ್ಕಿಲ್ಲ, ಹೊರ ಐಪಿ ಹಂಚಿಕೆಯ ಕೊರತೆ ಇದ್ದೇ ಇರುತ್ತದೆ, ಅದನ್ನು ಮೊದಲೇ ಹೇಳಿಡಿ. ಹಿಂದಿನ ದಿನಗಳದ್ದನ್ನು ತಿದ್ದುವ ಪ್ರಯತ್ನ ಮಾಡಬೇಡಿ. ದಾಖಲಾದ ಹ್ಯಾಶ್ ಸಿಡಿಎನ್ ಐಪಿಯದ್ದು, ಹಳೆ ಸಾಲ್ಟೂ ಹೋಗಿದೆ, ಅಂಕಿ ಗುಣಿಸಿ ಏರಿಸಿದರೆ ಅದು ಸುಳ್ಳು ಲೆಕ್ಕ. ಗ್ರಾಫಿನಲ್ಲಿ ಬದಲಾಯಿಸಿದ ದಿನಕ್ಕೆ ಒಂದು ಗೆರೆ ಎಳೆದು "ಈ ದಿನದಿಂದ ಎಣಿಕೆಯ ಕ್ರಮ ಬದಲಾಗಿದೆ" ಅಂತ ಬರೆಯಿರಿ. ನಡುಹಗಲು ಬದಲಿಸಬೇಡಿ, ಸಾಲ್ಟ್ ತಿರುಗುವ ಹೊತ್ತಿಗೇ ಬದಲಿಸಿ, ಇಲ್ಲದಿದ್ದರೆ ಆ ಒಂದು ದಿನ ಬದಲಿಸುವ ಮೊದಲೂ ಆಮೇಲೂ ಬಂದವರೆಲ್ಲ ಎರಡೆರಡು ಸಲ ಎಣಿಕೆಯಾಗುತ್ತಾರೆ.